ಹುಣಸೆಹಣ್ಣು ತಿಂದ ಹೆಸರು

ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಒಂದು ಬೋಗುಣಿ ತುಂಬ ಹುಣಸೆಹಣ್ಣು ನೆನೆಯುತ್ತದೆ. ದೀಪದ ಕಂಬಗಳು, ಗಂಟೆ, ಆರತಿ ತಟ್ಟೆ, ನಂತರ ನನ್ನ ಅಂಗಡಿಯಿಂದ ತಂದ ಎರಡು ದೊಡ್ಡ ಕತ್ತರಿಗಳ ಹಿತ್ತಾಳೆಯ ತಿರುಪುಗಳು, ಎಲ್ಲವನ್ನೂ ಅಮ್ಮ ಬೂದಿ ಬೆರೆಸಿದ ಹುಣಸೆಯಲ್ಲಿ ತಿಕ್ಕಿ ಬೆಳಗುತ್ತಾರೆ. ಕೊನೆಯ ಸರದಿ ಒಂದು ಕಂಚಿನ ಬಿಲ್ಲೆಯದು. ಒಂದೂವರೆ ಇಂಚಿಗೆ ಸ್ವಲ್ಪ ಕಡಿಮೆ ಅಗಲ. ಒಂದು ಮಗ್ಗುಲಲ್ಲಿ ತಲೆಯ ಮೇಲೆ ಸೆರಗು ಹೊದ್ದಂತೆ ಕಾಣುವ ವಯಸ್ಸಾದ ಹೆಂಗಸಿನ ಮುಖ. ನನ್ನ ಅಜ್ಜಿ ಆಕೆಯ ಹಣೆಗೆ ಕುಂಕುಮ ಇಡುತ್ತಿದ್ದರು. ನಾನು ಎಂಟು ವರ್ಷದವನಾಗುವವರೆಗೆ ಅದು ನಮ್ಮ ಮನೆದೇವರೇ ಎಂದು ತಿಳಿದಿದ್ದೆ.

ಆಕೆ ವಿಕ್ಟೋರಿಯಾ ರಾಣಿ. ಆ ಬಿಲ್ಲೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ರೈತರಾದ ಬೋಯರರಿಗೂ ನಡೆದ ಬೋಯರ್ ಯುದ್ಧಕ್ಕಾಗಿ 1900ರಲ್ಲಿ ಸ್ಥಾಪಿಸಿದ ಪದಕ. ನಮ್ಮ ಮುತ್ತಾತನಿಗೆ ಸಿಕ್ಕಿದ್ದು.

ಮುತ್ತಾತ ಮತ್ತಿಗಿರಿಯ ಕುದುರೆ ಲಾಯದಲ್ಲಿ ಆಳಾಗಿದ್ದವನು. ಹೊಸೂರಿನಿಂದ ದೆಂಕಣಿಕೋಟೆಯ ಕಡೆಗೆ ಹೋಗುವವರು ದಾರಿಯಲ್ಲಿ ನಮ್ಮ ಊರನ್ನು ನೋಡಿರುತ್ತಾರೆ. ಈಗ ಅಲ್ಲಿ ತಮಿಳುನಾಡು ಸರ್ಕಾರದ ಜಾನುವಾರು ಫಾರಂ ಇದೆ. ಸಾವಿರದ ಆರುನೂರು ಎಕರೆ ದಾಟಿದ ಹುಲ್ಲುಗಾವಲು, ಹಳೆಯ ಮರಗಳ ಸಾಲು, ಕೆಂಪು ಸಿಂಧಿ ಹಸುಗಳು. ಆದರೆ 1824ರಲ್ಲಿ ಕಂಪನಿ ಸರ್ಕಾರ ಆ ಜಾಗವನ್ನು ಕಟ್ಟಿಕೊಂಡದ್ದು ಸೈನ್ಯದ ಕುದುರೆಗಳಿಗಾಗಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಬರುತ್ತಿದ್ದ ‘ವೇಲರ್’ ಕುದುರೆಗಳನ್ನು ಮದ್ರಾಸಿನ ಸೈನ್ಯ ಕೊಳ್ಳುತ್ತಿತ್ತು. ಅಂಥ ಎತ್ತರದ ಕುದುರೆಗಳಿಗೆ ಮೈ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಲಗಾಮು ಒಪ್ಪಿಸಿಕೊಳ್ಳುವಂತೆ ಪಳಗಿಸುವುದು ಮುತ್ತಾತನ ಕೆಲಸ. ಕುದುರೆಗಳ ಜೊತೆಯಲ್ಲೇ ಅವನನ್ನೂ ಹಡಗು ಹತ್ತಿಸಿದರು. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು.

ನಾನು ದರ್ಜಿ. ಮೂವತ್ತೆಂಟು ವರ್ಷ ಹೊಲಿದದ್ದರಲ್ಲಿ ಮುಕ್ಕಾಲು ಪಾಲು ಖಾಕಿ. ಪೊಲೀಸರಿಗೆ, ಸಿಪ್ಕಾಟ್ ಕಾರ್ಖಾನೆಗಳ ಕಾವಲುಗಾರರಿಗೆ, ಶಾಲೆಯ ಸ್ಕೌಟ್ ಮಕ್ಕಳಿಗೆ. ಹಾಗಾಗಿ ಆ ಯುದ್ಧದ ಬಗ್ಗೆ ಓದತೊಡಗಿದಾಗ ನನ್ನ ಕಣ್ಣು ಮೊದಲು ಹೋದದ್ದು ಬಟ್ಟೆಯ ಕಡೆಗೆ.

ಖಾಕ್ ಎಂದರೆ ಪಾರಸಿಯಲ್ಲಿ ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಕಟ್ಟಿದ ಗೈಡ್ಸ್ ಪಡೆ ಧೂಳಿನ ಬಣ್ಣದ ಬಟ್ಟೆ ತೊಟ್ಟಿತು. ಮುಂದೆ ಹೋಗಿ ದಾರಿ ನೋಡಿ ಬರುವವರು ಕೆಂಪು ಕೋಟು ತೊಟ್ಟರೆ ಬದುಕಿ ಬರುತ್ತಾರೆಯೇ? ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣ ಕಂಡುಹಿಡಿದ ಕಥೆಯನ್ನು ಕರಾವಳಿಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬಣ್ಣ ಹಾಕಿದ ಬಟ್ಟೆಯನ್ನು ಹತ್ತು ಸಲ ಒಗೆದರೂ ಅದೇ ಬಣ್ಣ ಉಳಿಯಬೇಕು. ದರ್ಜಿಗೆ ಗೊತ್ತು, ಅದು ಎಷ್ಟು ಕಷ್ಟದ ಕೆಲಸವೆಂದು. ಒಂದೇ ಥಾನಿನ ಎರಡು ತುದಿಗಳೇ ಒಂದಕ್ಕೊಂದು ಹೊಂದುವುದಿಲ್ಲ.

ಬೋಯರ್ ಯುದ್ಧದಲ್ಲಿ ಕುದುರೆಯ ಮೇಲೆ ಮುಂದೆ ಹೋಗಿ ಶತ್ರುವಿನ ಸುಳಿವು ತರುವ ಸ್ಕೌಟುಗಳ ಉಡುಪನ್ನು ಹಳೆಯ ಚಿತ್ರಗಳಲ್ಲಿ ನೋಡಿದೆ. ತಲೆಯ ಮೇಲೆ ಅಗಲ ಅಂಚಿನ ಮೆತ್ತನೆಯ ಟೋಪಿ, ಒಂದು ಕಡೆಯ ಅಂಚನ್ನು ಮೇಲಕ್ಕೆ ಮಡಿಸಿ ಹೊಲಿದದ್ದು. ಟೋಪಿಯ ಸುತ್ತ ಸುತ್ತಿದ ಬಟ್ಟೆಗೆ ಅವರು ‘ಪಗ್ಗರಿ’ ಎನ್ನುತ್ತಿದ್ದರು, ನಮ್ಮ ಪಗಡಿಯೇ ಅದು. ಮೊಣಕಾಲಿನ ಕೆಳಗೆ ಪಾದದವರೆಗೆ ಸುತ್ತುವ ಉದ್ದನೆಯ ಬಟ್ಟೆಗೆ ‘ಪಟೀ’, ಅದು ನಮ್ಮ ಪಟ್ಟಿ. ಎದೆಗೆ ಅಡ್ಡಲಾಗಿ ಗುಂಡುಗಳನ್ನು ಸಿಕ್ಕಿಸಿದ ಚರ್ಮದ ಪಟ್ಟಿ. ಖಾಕಿ, ಪಗಡಿ, ಪಟ್ಟಿ: ತಲೆಯಿಂದ ಕಾಲಿನವರೆಗೆ ಆ ಸವಾರ ತೊಟ್ಟದ್ದರಲ್ಲಿ ಅರ್ಧ ನಮ್ಮ ನಾಡಿನ ಮಾತು. ಕುದುರೆ ಹಿಡಿಯುವವನ ಹೆಸರೂ ನಮ್ಮ ಕಡೆಯದೇ, ಸೈಸ್.

ರಿಮಿಂಗ್ಟನ್ ಎಂಬ ಮೇಜರ್ ಕಟ್ಟಿದ ಗೈಡ್ಸ್ ಪಡೆಯವರು ಟೋಪಿಯ ಸುತ್ತ ಕಾಡುಬೆಕ್ಕಿನ ಚರ್ಮದ ಪಟ್ಟಿ ಕಟ್ಟುತ್ತಿದ್ದರು. ಅದಕ್ಕೇ ಜನ ಅವರನ್ನು ರಿಮಿಂಗ್ಟನ್ನನ ಹುಲಿಗಳು ಎಂದು ಕರೆದರು. ಲಾರ್ಡ್ ಲೊವಾಟ್ ಎಂಬವನು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಿಂಕೆಯ ಜಾಡು ಹಿಡಿಯುತ್ತಿದ್ದವರನ್ನೇ ಆರಿಸಿ 1900ರಲ್ಲಿ ಲೊವಾಟ್ ಸ್ಕೌಟ್ಸ್ ಕಟ್ಟಿದ. ಬೋಯರರಿಗೆ ಸಮವಸ್ತ್ರವೇ ಇರಲಿಲ್ಲ. ಹೊಲದಿಂದ ಬಂದ ರೈತರು, ಮನೆಯ ಕೋಟು, ಮನೆಯ ಟೋಪಿ, ಕೈಯಲ್ಲಿ ಮೌಸರ್ ಬಂದೂಕು. ಹೊಳೆಯುವುದನ್ನು ದೂರದಿಂದಲೇ ಗುರಿಯಿಟ್ಟು ಹೊಡೆಯುತ್ತಿದ್ದರು. ಇಂಗ್ಲಿಷ್ ಅಧಿಕಾರಿಗಳು ಕತ್ತಿಗಳನ್ನು ಪಕ್ಕಕ್ಕಿಟ್ಟು, ಗುಂಡಿಗಳ ಹೊಳಪು ಕೆಡಿಸಿ, ಸಾಮಾನ್ಯ ಸಿಪಾಯಿಯಂತೆ ಬಂದೂಕು ಹೊತ್ತು ನಡೆಯಬೇಕಾಯಿತು.

ದರ್ಜಿಯಾಗಿ ನನ್ನನ್ನು ಬಹಳ ಕಾಡಿದ್ದು ಸ್ಕಾಟ್ಲೆಂಡಿನ ಹೈಲ್ಯಾಂಡ್ ಪಡೆಗಳ ಕಥೆ. ಅವರ ಗಾಢ ಬಣ್ಣದ ನೆರಿಗೆಯ ಕಿಲ್ಟ್ ದೂರಕ್ಕೆ ಕಾಣುತ್ತದೆಂದು ಅದರ ಮೇಲೆ ಖಾಕಿಯ ಒಂದು ಮುಂದುಡುಗೆ ಕಟ್ಟಿದರು. ಮುಂದೆ ಮಾತ್ರ. 1899ರ ಡಿಸೆಂಬರ್ 11ರಂದು ಮ್ಯಾಗರ್ಸ್‌ಫಾಂಟೀನ್‌ನಲ್ಲಿ ಗುಂಡಿನ ಮಳೆಗೆ ಸಿಕ್ಕಿ ಅವರು ಬಯಲಿನಲ್ಲಿ ಬೋರಲಾಗಿ ಮಲಗಬೇಕಾಯಿತು. ಆಗ ಬೋಯರರಿಗೆ ಕಂಡದ್ದು ಹಿಂದಿನ ಗಾಢ ಬಣ್ಣ. ಇಡೀ ಹಗಲು ಮಂಡಿಯ ಹಿಂಭಾಗದ ಬರಿಯ ಚರ್ಮ ಬಿಸಿಲಿಗೆ ಸುಟ್ಟು ಬೊಬ್ಬೆ ಎದ್ದಿತು. ಒಂದು ಗಜ ಬಟ್ಟೆ ಉಳಿಸಲು ಹೋದ ಲೆಕ್ಕ ಎಲ್ಲಿಗೆ ಮುಟ್ಟಿತು ನೋಡಿ. ಅಂಗಡಿಯಲ್ಲಿ ಕೆಲಸ ಕಲಿಯಲು ಬರುವ ಹುಡುಗರಿಗೆ ಇದನ್ನು ತಪ್ಪದೆ ಹೇಳುತ್ತೇನೆ: ಉಡುಪನ್ನು ಕತ್ತರಿಸುವ ಮೊದಲು ಅದನ್ನು ತೊಟ್ಟವನು ನಿಂತರೆ ಹೇಗೆ, ಕುಳಿತರೆ ಹೇಗೆ, ಬಿದ್ದರೆ ಹೇಗೆ ಎಂದು ಯೋಚಿಸಬೇಕು.

ಯುದ್ಧ ಮುಂದುವರಿದು ಬೋಯರರ ಬಟ್ಟೆ ಹರಿದು ಚಿಂದಿಯಾದಾಗ ಅವರು ಸೆರೆಸಿಕ್ಕ ಸಿಪಾಯಿಗಳ ಖಾಕಿಯನ್ನೇ ಬಿಚ್ಚಿ ತೊಡತೊಡಗಿದರು. ಖಾಕಿ ತೊಟ್ಟ ಬೋಯರ್ ಸಿಕ್ಕರೆ ಗುಂಡಿಕ್ಕಬೇಕೆಂದು ಬ್ರಿಟಿಷ್ ಸೇನಾಪತಿ ಕಿಚನರ್ ಆಜ್ಞೆ ಹೊರಡಿಸಿದ. ಚಳಿಗೆ ತೊಟ್ಟ ಒಂದು ಕೋಟು ಮರಣದಂಡನೆಗೆ ಕಾರಣವಾಯಿತು. ಅದೇ ಕಾಲದಲ್ಲಿ ಬೋಯರರ ಹೊಲಮನೆಗಳನ್ನು ಸುಟ್ಟು, ಅವರ ಹೆಂಡಿರು ಮಕ್ಕಳನ್ನು ಶಿಬಿರಗಳಿಗೆ ತುಂಬಿದ್ದರು. ಅಲ್ಲಿ ರೋಗಕ್ಕೂ ಹಸಿವಿಗೂ 26,000ಕ್ಕೂ ಹೆಚ್ಚು ಜೀವ ಹೋಯಿತು, ಬಹುಪಾಲು ಮಕ್ಕಳು. ಕರಿಯರಿಗೆ ಬೇರೆಯೇ ಶಿಬಿರಗಳಿದ್ದವು, ಅಲ್ಲಿಯೂ ಸಾವಿರಗಟ್ಟಲೆ ಸತ್ತರು. ಈ ಪದಕವನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಇದೂ ನೆನಪಾಗುತ್ತದೆ. ಮುತ್ತಾತನ ಬಗ್ಗೆ ಅಭಿಮಾನವಿದೆ, ಆ ಯುದ್ಧದ ಬಗ್ಗೆ ಇಲ್ಲ.

ಅವನು ಯುದ್ಧದ ಮಾತನ್ನೇ ಆಡುತ್ತಿರಲಿಲ್ಲವಂತೆ. ಕುದುರೆಗಳ ಮಾತು ಮಾತ್ರ. ಅಜ್ಜಿ ತಮ್ಮ ಮಾವನ ಬಾಯಿಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. “ಹಡಗಿನಲ್ಲಿ ಕುದುರೆಗಳು ಮಲಗುವ ಹಾಗಿಲ್ಲ. ಅಷ್ಟು ದಿನವೂ ನಿಂತೇ ಇರಬೇಕು. ನಿಮ್ಮ ಮುತ್ತಾತ ರಾತ್ರಿಯಿಡೀ ಅವುಗಳ ಕಾಲು ನೀವುತ್ತಿದ್ದರು. ಇಳಿದ ಮರುದಿನವೇ ಜೀನು ಕಟ್ಟಿದರು, ನೀವಿದ್ದೆಲ್ಲ ದಂಡವಾಯಿತು ಎನ್ನುತ್ತಿದ್ದರು.” ಬಾಲ್ಯದಲ್ಲಿ ಇದು ನಮಗೆ ಒಂದು ಕಥೆ. ಐವತ್ತು ದಾಟಿದ ಮೇಲೆ ಓದಿದಾಗ ಅಜ್ಜಿಯ ಪ್ರತಿ ಮಾತೂ ನಿಜವೆಂದು ತಿಳಿಯಿತು. ಆ ಯುದ್ಧದಲ್ಲಿ ಬ್ರಿಟಿಷರ ಕಡೆಯ ಮೂರು ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಗುಂಡಿಗೆ ಬಿದ್ದವು ಅವುಗಳಲ್ಲಿ ಸ್ವಲ್ಪವೇ. ಸಮುದ್ರ ದಾಟಿ ಬಂದವುಗಳಿಗೆ ಹೊಸ ನೆಲಕ್ಕೆ ಹೊಂದಿಕೊಳ್ಳಲು ದಿನ ಕೊಡಲಿಲ್ಲ. ಮೇವು ಸಾಲಲಿಲ್ಲ. ಸವಾರ, ಜೀನು, ಬಂದೂಕು, ಗುಂಡು, ಕಂಬಳಿ ಎಲ್ಲ ಸೇರಿ ಬೆನ್ನ ಮೇಲೆ ನೂರಿಪ್ಪತ್ತು ಕಿಲೋ. ಮಳೆಗಾಲದಲ್ಲಿ ಅಲ್ಲಿನ ಕುದುರೆ ರೋಗ ಬೇರೆ. ದಕ್ಷಿಣ ಆಫ್ರಿಕಾದಲ್ಲಿ ಆಗ ಪೋರ್ಟ್ ಎಲಿಜಬೆತ್ ಎನ್ನುತ್ತಿದ್ದ ಊರಿನಲ್ಲಿ ಆ ಕುದುರೆಗಳಿಗಾಗಿ 1905ರಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ಕುದುರೆಯ ಎದುರು ಮಂಡಿಯೂರಿ ಕುಳಿತು ಬಕೆಟ್ಟಿನಲ್ಲಿ ನೀರು ಕೊಡುತ್ತಿರುವ ಒಬ್ಬ ಮನುಷ್ಯ. ಅವನು ಸಿಪಾಯಿಯ ಉಡುಪಿನಲ್ಲಿದ್ದಾನೆ. ನನ್ನ ಕಣ್ಣಿಗೆ ಅವನು ಮುತ್ತಾತನ ಹಾಗೆಯೇ ಕಾಣುತ್ತಾನೆ.

ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹಳೆಯ ನಾಣ್ಯಗಳ ಪ್ರದರ್ಶನಕ್ಕೆ ಹೋಗಿದ್ದೆ. ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದೆ. ಒಂದು ಮೇಜಿನ ಗಾಜಿನ ಕೆಳಗೆ ಅದೇ ಪದಕ ಮಲಗಿತ್ತು, ಆದರೆ ಬೆಳ್ಳಿಯದು. ಅದೇ ರಾಣಿ. ಹಿಂದೆ ಬ್ರಿಟನ್ನಿನ ಸಂಕೇತವಾದ ಅದೇ ಬ್ರಿಟಾನಿಯಾ ದೇವಿ, ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಸಾಲಾಗಿ ನಿಂತ ಸಿಪಾಯಿಗಳತ್ತ ಚಾಚಿದ ಮಾಲೆ, ಆಚೆ ಸಮುದ್ರದಲ್ಲಿ ಹಡಗುಗಳು. ಅಂಚಿನಲ್ಲಿ ಸವಾರನ ಹೆಸರು, ಕೊನೆಯಲ್ಲಿ ‘ಲಮ್ಸ್‌ಡೆನ್ಸ್ ಹಾರ್ಸ್’.

ಆ ಪಡೆಯ ಬಗ್ಗೆ ಹೇಳಲೇಬೇಕು. ಗೈಡ್ಸ್ ಕಟ್ಟಿದ ಲಮ್ಸ್‌ಡೆನ್ ಅಲ್ಲ, ಈತ ಬೇರೊಬ್ಬ ಲಮ್ಸ್‌ಡೆನ್, ಅಸ್ಸಾಮಿನ ಚಹಾ ತೋಟಗಾರರ ಕುದುರೆ ಪಡೆಯ ಮುಖ್ಯಸ್ಥ. ಯುದ್ಧ ಶುರುವಾದ ಮೇಲೆ ಭಾರತದಲ್ಲಿದ್ದ ಬಿಳಿಯ ತೋಟಗಾರರನ್ನು ಸೇರಿಸಿ 250 ಸವಾರರ ಪಡೆ ಕಟ್ಟಿದ. ಮೈಸೂರು ಮತ್ತು ಕೊಡಗಿನ ಕಾಫಿ ತೋಟಗಳಿಂದಲೂ ಜನ ಸೇರಿದರು. 1900ರ ಆರಂಭದಲ್ಲಿ ಕಲ್ಕತ್ತೆಯಿಂದ ಹಡಗು ಹೊರಟಿತು. ಏಪ್ರಿಲ್ 30ರಂದು ಹೌಟ್ನೆಕ್ ಎಂಬಲ್ಲಿ ಅವರು ಮೊದಲ ದೊಡ್ಡ ಕಾಳಗಕ್ಕೆ ಸಿಕ್ಕಿ ತಮ್ಮ ಮೇಜರನನ್ನೇ ಕಳೆದುಕೊಂಡರು. ನಮ್ಮ ಸಿಪಾಯಿಗಳನ್ನು ಮಾತ್ರ ಕಾದಾಡಲು ಕಳುಹಿಸಲಿಲ್ಲ. ಅದು ಬಿಳಿಯರ ನಡುವಿನ ಯುದ್ಧ, ಬಿಳಿಯನ ಮೇಲೆ ಕರಿಯ ಕೈ ಬಂದೂಕು ಎತ್ತಬಾರದು ಎಂಬ ಲೆಕ್ಕ. ಆದರೆ ಕುದುರೆಗೆ ಹುಲ್ಲು ಹಾಕಲು, ನೀರು ಹೊರಲು, ಲಾಳ ಕಟ್ಟಲು, ಗಾಯಾಳುಗಳ ಡೋಲಿ ಹೊರಲು ಸಾವಿರಾರು ಕೈಗಳು ಇಲ್ಲಿಂದಲೇ ಹೋದವು.

ಬೆಳ್ಳಿಯ ಪದಕದ ಮೇಲೆ, ರಿಬ್ಬನ್ನಿಗೆ ಅಡ್ಡಲಾಗಿ ಮೂರು ಬೆಳ್ಳಿಯ ಪಟ್ಟಿಗಳಿದ್ದವು. ಕೆಳಗಿನಿಂದ ಓದಬೇಕು: ಕೇಪ್ ಕಾಲೊನಿ, ಆರೆಂಜ್ ಫ್ರೀ ಸ್ಟೇಟ್, ಜೊಹಾನ್ಸ್‌ಬರ್ಗ್. ಸವಾರ ಎಲ್ಲೆಲ್ಲಿ ಹೋದ, ಎಲ್ಲಿ ಕಾದಾಡಿದ ಎಂಬುದು ಆ ಪಟ್ಟಿಗಳಲ್ಲಿ ಇರುತ್ತದೆ. ಈ ಪದಕಕ್ಕೆ ಒಟ್ಟು 26 ಬಗೆಯ ಪಟ್ಟಿಗಳು ಇದ್ದವು. ಕಂಚಿನ ಪದಕಕ್ಕೆ ಒಂದೂ ಇಲ್ಲ. ಅದು ಹೋದದ್ದು ಸೈಸರಿಗೆ, ನೀರು ಹೊರುವವರಿಗೆ, ಡೋಲಿ ಹೊರುವವರಿಗೆ. ಅವರು ಎಲ್ಲಿದ್ದರೆಂದು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಕುದುರೆ ಜೊಹಾನ್ಸ್‌ಬರ್ಗಿಗೆ ಹೋಗಿದ್ದರೆ ಅದರ ಸೈಸ್ ಹೋಗದೆ ಇರುತ್ತಾನೆಯೇ?

ನಾನು ಕರವಸ್ತ್ರ ಬಿಚ್ಚಿದೆ. ಮೇಜಿನ ಹಿಂದಿದ್ದವರು ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕಂಚಿನದು ಅಪರೂಪ ಯಜಮಾನರೇ, ಬೆಳ್ಳಿಗಿಂತ ಕಡಿಮೆ ಜನರಿಗೆ ಸಿಕ್ಕಿದ್ದು. ಆದರೆ ಹೆಸರು ಸವೆದು ಹೋಗಿದೆಯಲ್ಲ. ಅಂಚಿನ ಹೆಸರೇ ಇದರ ಪ್ರಾಣ. ಯಾರು ಹೀಗೆ ಉಜ್ಜಿದರು?” ಎಂದರು.

ಉತ್ತರ ಹೇಳಲು ನನಗೆ ಗಂಟಲು ಬರಲಿಲ್ಲ. ಉಜ್ಜಿದವರು ನಾವೇ. ಮೊದಲು ಅಜ್ಜಿ, ನಂತರ ಅಮ್ಮ. ನೂರು ವರ್ಷದ ಹತ್ತಿರ ಹತ್ತಿರ, ವರ್ಷಕ್ಕೊಮ್ಮೆ, ಭಕ್ತಿಯಿಂದ, ಹುಣಸೆಹಣ್ಣು ಮತ್ತು ಬೂದಿಯಲ್ಲಿ. ಕೊಂಡಿಯ ಪಕ್ಕ ಬೆರಳು ತಲುಪದ ಜಾಗದಲ್ಲಿ ‘ಸೈಸ್’ ಎಂಬ ಆಂಗ್ಲ ಅಕ್ಷರಗಳು ಮಾತ್ರ ಉಳಿದಿದ್ದವು. ಅವನ ಕೆಲಸ ಉಳಿಯಿತು, ಹೆಸರು ಹೋಯಿತು. ಅವರು ಒಂದು ಬೆಲೆ ಹೇಳಿದರು. ನಾನು ಕೊಡುವುದಿಲ್ಲ ಎಂದು ಕೈಮುಗಿದು ಬಂದೆ. ಅತ್ತಿಬೆಲೆ ದಾಟುವವರೆಗೂ ಬಸ್ಸಿನಲ್ಲಿ ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದೆ.

ಅಕ್ಷರ ಅಳಿಸುವ ಕೆಲಸ ಟಂಕಸಾಲೆಯಲ್ಲಿಯೂ ನಡೆದಿತ್ತು ಎಂದು ಆಮೇಲೆ ಓದಿ ತಿಳಿದೆ. ಯುದ್ಧ 1900ರಲ್ಲಿ ಮುಗಿಯುತ್ತದೆಂದು ನಂಬಿ ಮೊದಲ ಪದಕಗಳ ಹಿಂದೆ ‘1899–1900’ ಎಂದು ಅಚ್ಚು ಹಾಕಿದ್ದರು. ಕೆನಡಾದಿಂದ ಬಂದ ಲಾರ್ಡ್ ಸ್ಟ್ರಾತ್ಕೋನಾನ ಕುದುರೆ ಪಡೆಯವರಿಗೆ ಅಂಥ ಕೆಲವು ಪದಕಗಳು ಸಿಕ್ಕವು. ಯುದ್ಧ ಮುಗಿಯಲಿಲ್ಲ. 1901ರ ಜನವರಿಯಲ್ಲಿ ರಾಣಿಯೇ ತೀರಿಕೊಂಡಳು. ಉಳಿದ ಪದಕಗಳ ಮೇಲಿನ ಇಸವಿಯನ್ನು ಕೆರೆದು ತೆಗೆದರು. ಕೆಲವದರಲ್ಲಿ ಅದು ಇಂದಿಗೂ ನೆರಳಿನಂತೆ ಕಾಣುತ್ತದೆ. ಒಪ್ಪಂದವಾದದ್ದು 1902ರ ಮೇ 31ಕ್ಕೆ.

ಆ ಯುದ್ಧದ ಪದಕ ಗಾಂಧೀಜಿಯವರಿಗೂ ಸಿಕ್ಕಿತ್ತು. ದಕ್ಷಿಣ ಆಫ್ರಿಕಾದ ನೆಟಾಲಿನಲ್ಲಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿ ಗಾಯಾಳುಗಳನ್ನು ಮೈಲಿಗಟ್ಟಲೆ ಹೊತ್ತು ತಂದರು. ಅವರಲ್ಲಿ ಬಹುಪಾಲು ಜನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಕೂಲಿಗಳು, ಪದಕ ಸಿಕ್ಕಿದ್ದು ಮುಂದಾಳುಗಳಾಗಿದ್ದ 37 ಜನರಿಗೆ. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಅದನ್ನು ಉಳಿದ ಎರಡು ಪದಕಗಳ ಜೊತೆ ವೈಸರಾಯರಿಗೆ ಹಿಂತಿರುಗಿಸಿದರು. ನನ್ನ ಮಗ ಒಮ್ಮೆ ಕೇಳಿದ, “ಅಪ್ಪ, ಗಾಂಧಿಯೇ ಹಿಂದಕ್ಕೆ ಕೊಟ್ಟದ್ದನ್ನು ನಾವು ಏಕೆ ದೇವರ ಮುಂದೆ ಇಡುತ್ತೇವೆ?” ನ್ಯಾಯವಾದ ಪ್ರಶ್ನೆ. ನಾನು ಹೇಳಿದೆ, ರಾಣಿಗಾಗಿ ಇಡುತ್ತಿಲ್ಲ ಮಗನೇ, ಅದರ ಅಂಚಿಗಾಗಿ ಇಡುತ್ತಿದ್ದೇವೆ.

ಜೊಹಾನ್ಸ್‌ಬರ್ಗಿನ ಅಬ್ಸರ್ವೇಟರಿ ದಿಣ್ಣೆಯ ಮೇಲೆ ಆ ಯುದ್ಧದಲ್ಲಿ ಸತ್ತ ಭಾರತೀಯರ ಸ್ಮಾರಕಸ್ತಂಭವಿದೆ. ಅದರ ಕಲ್ಲಿನಲ್ಲಿ ಅಧಿಕಾರಿಗಳ, ಸಿಪಾಯಿಗಳ ಜೊತೆಗೆ ಪಶುವೈದ್ಯ ಸಹಾಯಕರು, ನಾಲ್‌ಬಂದರು ಮತ್ತು ಅನುಚರರು ಎಂದು ಕೆತ್ತಿದ್ದಾರೆ. ನಾಲ್‌ಬಂದ್ ಎಂದರೆ ಲಾಳ ಕಟ್ಟುವವನು. ಅದರ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಅಮ್ಮನಿಗೆ ತೋರಿಸಿದೆ. ಕೆಲಮಂಗಲದ ಸಂತೆಯಲ್ಲಿ ಎತ್ತುಗಳನ್ನು ಕೆಡವಿ ಲಾಳ ಕಟ್ಟುವುದನ್ನು ನೋಡುತ್ತಾ ಬೆಳೆದವರು ಅವರು. “ಅಂಥವರ ಕೆಲಸವನ್ನೂ ಕಲ್ಲಿನಲ್ಲಿ ಬರೆದಿದ್ದಾರೆಯೇ?” ಎಂದು ಎರಡು ಸಲ ಕೇಳಿದರು.

ಹೋದ ವರ್ಷ ಪದಕಕ್ಕೆ ರಿಬ್ಬನ್ ಮಾಡಬೇಕೆಂದು ಹೊರಟೆ. ಹಳೆಯದು ತಾತನ ಕಾಲದಲ್ಲಿಯೇ ಇಲಿಯ ಪಾಲಾಗಿತ್ತು. ಅಗಲ ಒಂದೂಕಾಲು ಇಂಚು. ನಡುವೆ ಅಗಲವಾದ ಕಿತ್ತಳೆ, ಅದರ ಎರಡು ಮಗ್ಗುಲಲ್ಲಿ ಗಾಢ ನೀಲಿ, ಅಂಚುಗಳಲ್ಲಿ ಕೆಂಪು. ಹಾಗೆ ನೇಯ್ದ ರಿಬ್ಬನ್ ಸಿಗಲಿಲ್ಲವಾದ್ದರಿಂದ ಚಿಕ್ಕಪೇಟೆಯಲ್ಲಿ ಮೂರು ಬಣ್ಣದ ರೇಷ್ಮೆಯ ಪಟ್ಟಿ ಕೊಂಡು, ಐದು ತುಂಡುಗಳನ್ನು ಕೈಯಿಂದಲೇ ಜೋಡಿಸಿದೆ. ಯಂತ್ರದ ಹೊಲಿಗೆ ಹಾಕಿದರೆ ರೇಷ್ಮೆ ಸುಕ್ಕಾಗುತ್ತದೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಹೊಲಿಗೆ ಹಾಕಿದ್ದಿಲ್ಲ. ಅದಕ್ಕೆ ಎರಡು ಸಂಜೆಗಳು ಹಿಡಿದವು.

ಆಯುಧಪೂಜೆಯ ಹಿಂದಿನ ಸಂಜೆ ಅಮ್ಮ ಎಂದಿನಂತೆ ಬೋಗುಣಿ ಇಟ್ಟುಕೊಂಡು ಕುಳಿತರು. ದೀಪದ ಕಂಬಗಳಾದವು, ಗಂಟೆಯಾಯಿತು. ಪದಕಕ್ಕೆ ಕೈ ಚಾಚಿದಾಗ ನಾನು ತಡೆದೆ. ವಿಷಯವೆಲ್ಲ ಹೇಳಿದೆ. ಎಂಬತ್ತಾರು ವರ್ಷದ ಅಮ್ಮ ತಮ್ಮ ಹುಣಸೆ ಹತ್ತಿದ ಬೆರಳುಗಳನ್ನು ನೋಡಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೈ ತೊಳೆದುಕೊಂಡು ಬಂದು, “ಹಾಗಾದರೆ ಹೆಸರನ್ನು ನೀನೇ ಎಲ್ಲಾದರೂ ಬರೆ. ನಾನು ಹೋದ ಮೇಲೆ ಅದನ್ನು ಹೇಳುವವರು ಯಾರು?” ಎಂದರು.

ಅಂಗಡಿಯಲ್ಲಿ ಉಳಿದಿದ್ದ ಖಾಕಿ ಡ್ರಿಲ್ ಬಟ್ಟೆಯ ತುಂಡಿನಲ್ಲಿ ಪದಕಕ್ಕೆ ಒಂದು ಚೀಲ ಹೊಲಿದೆ. ಸ್ಕೌಟ್ ಅಂಗಿಯ ಜೇಬಿನ ಹಾಗೆ ನಡುವೆ ನೆರಿಗೆ, ಮೇಲೆ ಮುಚ್ಚಳ, ಒಂದು ಕಾಜಾ, ಒಂದು ಗುಂಡಿ. ಒಳಗೆ ಬಿಳಿಯ ಮಲ್ಲು ಬಟ್ಟೆಯ ಅಸ್ತರಿ. ಅಸ್ತರಿಯ ಮೇಲೆ ಕೆಂಪು ದಾರದಲ್ಲಿ ಕನ್ನಡದಲ್ಲಿ ಅವನ ಹೆಸರು ಹೊಲಿದೆ, ಅದರ ಕೆಳಗೆ ಊರಿನ ಹೆಸರು, ಅದರ ಕೆಳಗೆ ‘ಸೈಸ್’. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎರಡನೆಯ ಅಕ್ಷರದ ಒತ್ತು ಬಿಟ್ಟುಹೋಗಿತ್ತು. ಬಿಚ್ಚಿ ಮತ್ತೆ ಹೊಲಿದೆ.